ಸೇಡಿಗೆ ಕಲಿತ ಕೊರಿಯನ್

ಕೋಪ ಬಂದಾಗ ಆಂಟಿಯ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಬಲಹುಬ್ಬು ಎಂದೋ ಕುಕ್ಕರಿನ ಹಬೆಗೆ ಸುಟ್ಟು, ಮತ್ತೆ ಬೆಳೆದಿರಲಿಲ್ಲ. ದೆಹಲಿಯ ಕಿದ್ವಾಯಿ ನಗರದಲ್ಲಿ ನಾನಿದ್ದ ನಮ್ಮಣ್ಣನ ಸರ್ಕಾರಿ ಕ್ವಾರ್ಟರ್ಸಿನ ಮಹಡಿ ಮೇಲಿನ ಮನೆ ಅವರದು, ಹಾಸನದ ಕಡೆಯವರು. ಗಂಡ ಕೊರಿಯಾದ ಸೋಲ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಮೂರು ವರ್ಷ ಅಲ್ಲಿದ್ದು ಬಂದಿದ್ದರು.

ನಾನಾಗ ಫರೀದಾಬಾದಿನಲ್ಲಿ ಕೊರಿಯನ್ನರು ನಡೆಸುತ್ತಿದ್ದ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ತಗಡು ಒತ್ತುವ ಪ್ರೆಸ್ಸಿನ ಅಚ್ಚು ಸವೆದಿದೆ ಎಂದು ನಾನು ಹೇಳಿದ್ದನ್ನು ದುಭಾಷಿಯು ಕೊರಿಯನ್ ಮ್ಯಾನೇಜರಿಗೆ ಮುಟ್ಟಿಸಲೇ ಇಲ್ಲ. ಮಾಲು ವಾಪಸ್ ಬಂದಾಗ, ಎಲ್ಲ ಸರಿಯಿದೆಯೆಂದು ಇವನೇ ಹೇಳಿದ್ದ ಅಂತ ಕೊರಿಯನ್ನಿನಲ್ಲಿ ಹೇಳಿದ. ಏನೂ ತಿಳಿಯದೆ ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದೆ! ಮರುದಿನ ನನ್ನನ್ನು ಗೋದಾಮಿನ ಸ್ಟೋರಿಗೆ ಇಳಿಸಿದ ಮೇಲೆ, ಆಫೀಸಿನವರೊಬ್ಬರಿಂದ ವಿಷಯ ಗೊತ್ತಾಯಿತು.

"ಬಿಟ್ಟುಬಿಡೋ" ಎಂದ ಅಣ್ಣ.

ಆಂಟಿಯ ಹುಬ್ಬು ಏರಿತು. "ಬಿಡೋದ್ಯಾಕೆ? ಭಾಷೆ ಕಲಿ. ಸೇಡಿಗೆ ಕಲಿತದ್ದು ಬೇಗ ಬರುತ್ತೆ ಕಣೋ. ನಾನು ಕಲಿತದ್ದೂ ಹಾಗೇ. ಅಲ್ಲಿ ತರಕಾರಿಯವಳು ನನ್ನ ನೋಡಿ ಪಕ್ಕದವಳ ಹತ್ತಿರ ಏನೇನೋ ಅಂದು ನಗೋಳು. ಆರು ತಿಂಗಳಾದ್ಮೇಲೆ, 'ನೀವು ಇಷ್ಟು ದಿನ ಅಂದದ್ದೆಲ್ಲ ಅರ್ಥ ಆಯ್ತು' ಅಂದೆ. ಅವಳ ಕೈಲಿದ್ದ ಮೂಲಂಗಿ ಕೆಳಗೆ ಬಿತ್ತು."

ಇಂಗ್ಲಿಷ್ ಬಲ್ಲವರಿಗೆಂದು ಬರೆದ ಕೊರಿಯನ್ ವ್ಯಾಕರಣವೊಂದನ್ನು ದರಿಯಾಗಂಜಿನ ಹಳೇ ಪುಸ್ತಕದ ಸಂತೆಯಿಂದ ತಂದಿದ್ದೆ. ಕ್ರಿಯಾಪದ ಕೊನೆಗೆ ಬರುತ್ತದೆ ಎಂಬುದನ್ನೇ ಅದು ನಾಲ್ಕು ಪುಟ ವಿವರಿಸಿತ್ತು. ಆಂಟಿ ನಕ್ಕರು. "ಇಂಗ್ಲಿಷ್ ಸುತ್ತಿಕೊಂಡು ಯಾಕೆ ಹೋಗ್ತೀಯ? 'ನಾನು ಅನ್ನ ತಿಂದೆ' ಅಂತೀಯಲ್ಲ, ಅದೇ ಸಾಲು. ನಾನುನ್ ಪಬುಲ್ ಮೊಗೊಸ್ಸೊಯೊ. ಚಲೋ, ಹೇಳು."

ಪ್ರತಿ ಸಂಜೆ ಬೀನ್ಸ್ ಹೆಚ್ಚುತ್ತಾ ಹೇಳಿಸಿದರು. ಏಳು ತಿಂಗಳು ಕಾರ್ಖಾನೆಯಲ್ಲಿ ನಾನು ಒಂದು ಕೊರಿಯನ್ ಪದವನ್ನೂ ಆಡಲಿಲ್ಲ. ಕೇಳಿಸಿಕೊಂಡೆ, ಅಷ್ಟೇ.

ಒಂದು ಮೀಟಿಂಗಿನಲ್ಲಿ, ಬಂದಿರುವ ತಗಡೆಲ್ಲ ತುಕ್ಕು ಹಿಡಿದಿದೆ ಎಂದು ಹಿಂದಿಯಲ್ಲಿ ಹೇಳಿದೆ. ತಗಡು ಕೊಡುತ್ತಿದ್ದವನು ದುಭಾಷಿಯ ಭಾವ. ದುಭಾಷಿ ನನ್ನ ಮಾತನ್ನು, ಮಾಲು ಚೆನ್ನಾಗಿದೆಯಂತೆ ಎಂದು ಮ್ಯಾನೇಜರಿಗೆ ತಿರುಗಿಸಿದ. ಅವನು ಪೂರ್ತಿ ಮುಗಿಸಲಿ ಎಂದು ಕಾದೆ. ಆಮೇಲೆ ಎದ್ದು ನಿಂತೆ.

"ಕುರೊಖೆ ಮಲ್‌ಹಾಜಿ ಅನಾಸ್ಸುಮ್ನಿದಾ." ನಾನು ಹಾಗೆ ಹೇಳಲಿಲ್ಲ.

ಮ್ಯಾನೇಜರ್ ನನ್ನೊಡನೆ ನೇರ ಗೋದಾಮಿಗೇ ಬಂದರು. ಸವೆದ ಅಚ್ಚಿನ ಕಥೆಯನ್ನೂ ಅಲ್ಲಿಯೇ ಹೇಳಿದೆ. ವಾರದೊಳಗೆ ದುಭಾಷಿಯ ಕುರ್ಚಿ ಖಾಲಿಯಾಯಿತು.

"ಅಚ್ಛಾ, ಅವನ ಮುಖ ಹೇಗಾಯ್ತು?" ಆಂಟಿ ಮೂರು ಸಲ ಹೇಳಿಸಿಕೊಂಡರು. ಕೊನೆಗೆ, "ಕನಿಕರ ಬಂತಾ?"

"ಇಲ್ಲ ಆಂಟಿ."

"ಒಳ್ಳೇದು. ಬಂದಿದೆ ಅಂತ ಸುಳ್ಳು ಹೇಳಿದ್ರೆ ಬೈತಿದ್ದೆ."

ಇಂದಿಗೂ ಬಂದಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಆಂಟಿ ನ್ಯುಮೋನಿಯಾದಿಂದ ಹೋದರು. ರಜೆ ಕೇಳಲು ಮ್ಯಾನೇಜರ ಮುಂದೆ ನಿಂತು, ನನಗೆ ಕಲಿಸಿದವರು ಸತ್ತರು ಎಂದು ಕೊರಿಯನ್ನಿನಲ್ಲಿ ಹೇಳಿದೆ. ಅವರು ಮೆಲ್ಲಗೆ ತಿದ್ದಿದರು: ಹಿರಿಯರಾದರೆ ಹಾಗೆನ್ನಬಾರದು, 'ಮರಳಿ ಹೋದರು' ಎನ್ನಬೇಕು.

ಆ ಒಂದು ಮಾತನ್ನು ಆಂಟಿ ನನಗೆ ಕಲಿಸಿರಲಿಲ್ಲ.