ನೋವಿಲ್ಲದ ಕಡೆ ನೋಡಿದವರು

ಹೋದ ವಾರ ಕೋಣನಕುಂಟೆಯ ಛತ್ರವೊಂದರಲ್ಲಿ ವಾಂಗಿಭಾತ್ ಪುಡಿಗೆ ಲವಂಗ ಹುರಿಯುತ್ತಿದ್ದೆ. ಬಾಣಲೆ ಸ್ವಲ್ಪ ಹೆಚ್ಚೇ ಕಾದಿತ್ತು. ಘಾಟು ಒಮ್ಮೆಲೇ ಎದ್ದು ಮೂಗಿಗೆ ಹೊಡೆಯಿತು. ಬೇರೆಯವರಿಗೆ ಆ ವಾಸನೆ ಅಡುಗೆಮನೆಯನ್ನು ನೆನಪಿಸುತ್ತದೆಯೇನೋ. ಮೂವತ್ತು ವರ್ಷದಿಂದ ಮದುವೆ ಮನೆಗಳ ಅಡುಗೆ ಮಾಡಿಕೊಂಡು ಬಂದಿರುವ ನನಗೆ ಮಾತ್ರ ನೆನಪಾದದ್ದು ಸಿದ್ದಾಪುರದ ಒಂದು ಮಹಡಿ, ಅಲ್ಲೊಂದು ಒರಗುವ ಕುರ್ಚಿ, ಆ ಕುರ್ಚಿಯ ಪಕ್ಕ ನಿಂತಿರುತ್ತಿದ್ದ ನಮ್ಮ ಡಾಕ್ಟರಮ್ಮ...

ಅವರು ಹಲ್ಲಿನ ಡಾಕ್ಟರು. ಕೆಳಗೆ ಹೂವಿನ ಅಂಗಡಿ, ಮೇಲೆ ಅವರ ಕ್ಲಿನಿಕ್ಕು. ನಾನು ಮೊದಲ ಸಲ ಆ ಮೆಟ್ಟಿಲು ಹತ್ತಿದಾಗ ನನಗೆ ನಲವತ್ತಾರು, ಅವರಿಗೆ ಅರವತ್ತರ ಹತ್ತಿರ. ಕುಳ್ಳಗಿನ ಹೆಂಗಸು, ಕಾಟನ್ ಸೀರೆಯ ಮೇಲೆ ಬಿಳಿ ಕೋಟು, ಮೂಗಿನ ಮೇಲೆ ಸದಾ ಜಾರುವ ಕನ್ನಡಕ. ದನಿ ಎತ್ತಿ ಮಾತಾಡಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ.

ಬಲಗಡೆಯ ದವಡೆ ಹಲ್ಲೊಂದು ಹುಳುಕಾಗಿ ಎರಡು ದಿನದಿಂದ ತಲೆ ಸಿಡಿಯುತ್ತಿತ್ತು. ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದು ಆ ಹಲ್ಲನ್ನು ಬೆರಳಲ್ಲಿ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ. ಮೊದಲು ತುಟಿಗಳನ್ನು ಮಡಿಸಿ ಒಳಗೆ ನೋಡಿದರು. ಆಮೇಲೆ ಎರಡೂ ಕೆನ್ನೆಗಳ ಒಳಬದಿ, ಒಸಡು, ಅಂಗುಳ. ಒಂದು ತುಂಡು ಬಟ್ಟೆಯಿಂದ ನಾಲಿಗೆಯ ತುದಿ ಹಿಡಿದು ಮೆಲ್ಲಗೆ ಆ ಕಡೆ, ಈ ಕಡೆ ಎಳೆದರು. ನಾಲಿಗೆಯ ಅಡಿಯನ್ನು ಬೆರಳಿನಿಂದ ಒತ್ತಿದರು. ಕೊನೆಗೆ ದವಡೆಯ ಕೆಳಗೆ, ಕತ್ತಿನ ಎರಡೂ ಪಕ್ಕ ಗಂಟುಗಳೇನಾದರೂ ಇವೆಯೇ ಎಂದು ತಡವಿದರು. ಎಲ್ಲ ಸೇರಿ ಎರಡು ಮೂರು ನಿಮಿಷವಾಗಿರಬಹುದು. ನೋವಿನಲ್ಲಿದ್ದ ನನಗೆ ಅದು ಅರ್ಧ ಗಂಟೆಯಂತೆ ಕಂಡಿತು.

“ಮೇಡಂ, ನೋವಿರೋದು ಬಲಗಡೆ ಹಲ್ಲು,” ಎಂದೆ, ಸ್ವಲ್ಪ ಸಿಡುಕಿನಿಂದಲೇ.

“ನೋವಿರೋ ಕಡೆ ನೀವೇ ತೋರಿಸ್ತೀರಿ. ನೋವಿಲ್ದೇ ಇರೋ ಕಡೆ ನಾನು ನೋಡ್ಬೇಕು,” ಎಂದರು.

ಕ್ಲಿನಿಕ್ಕಿಗೆ ಬಂದ ಎಲ್ಲರಿಗೂ ಅವರು ಹೀಗೇ ಮಾಡುತ್ತಿದ್ದರಂತೆ. ಹಲ್ಲು ಕ್ಲೀನ್ ಮಾಡಿಸಲು ಬಂದ ಕಾಲೇಜು ಹುಡುಗಿಗೂ ಅದೇ, ಹಲ್ಲು ಸೆಟ್ ಅಳತೆ ಕೊಡಲು ಬಂದ ಅಜ್ಜನಿಗೂ ಅದೇ. ‘ಹಲ್ಲು ತೋರಿಸೋಕೆ ಹೋದ್ರೆ ನಾಲಿಗೆ ಎಳೀತಾರೆ’ ಎಂದು ಬೀದಿಯವರು ನಗುತ್ತಿದ್ದರು.

ನನಗೆ ಆಗ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಒಲೆ ಮುಂದೆ ನಿಂತಾಗ ಮುಟ್ಟುತ್ತಿರಲಿಲ್ಲ. ಕೊನೆಯ ಪಂಕ್ತಿ ಎದ್ದ ಮೇಲೆ ಎಡಗೆನ್ನೆಯಲ್ಲಿ ಒಂದು ಚೂರು ಇಟ್ಟುಕೊಂಡರೆ ದಿನದ ದಣಿವೆಲ್ಲ ಇಳಿದಂತೆ. ಅದನ್ನು ಅವರು ಕೇಳಿ ತಿಳಿದುಕೊಂಡರು. ಬೈಯಲಿಲ್ಲ. ಒಂದು ಸಣ್ಣ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ನಾಲಿಗೆಯನ್ನು ಬಲಕ್ಕೆ ಎಳೆದು, ಎಡ ಅಂಚಿನ ಹಿಂಬದಿಯನ್ನು ತೋರಿಸಿದರು. ಬಿಳಿಚಿದ ಚರ್ಮದ ನಡುವೆ ಹೆಸರುಬೇಳೆಯಷ್ಟು ಒಂದು ಕೆಂಪು ಮಚ್ಚೆ. ಮುಟ್ಟಿದರೂ ನೋವಿಲ್ಲ. ಅದು ಯಾವಾಗಿಂದ ಅಲ್ಲಿತ್ತೋ ನನಗೆ ಗೊತ್ತೇ ಇರಲಿಲ್ಲ.

“ಹೊಗೆಸೊಪ್ಪು ಇವತ್ತೇ ನಿಲ್ಸಿ. ಎರಡು ವಾರ ಬಿಟ್ಟು ಬನ್ನಿ. ಆಗ್ಲೂ ಇದು ಹೋಗಿಲ್ಲ ಅಂದ್ರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು,” ಎಂದರು. ಏನಿರಬಹುದು ಎಂದು ಕೇಳಿದೆ. “ಏನೂ ಇಲ್ದೇನೂ ಇರ್ಬಹುದು. ಕ್ಯಾನ್ಸರ್ ಕೂಡ ಇರ್ಬಹುದು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ.”

ಆಮೇಲೆ ಹಲ್ಲಿನ ಹುಳುಕು ತೆಗೆದು, ಲವಂಗದ ಎಣ್ಣೆಯ ವಾಸನೆಯ ಔಷಧಿ ತುಂಬಿದರು. ಸಂಜೆಯ ಹೊತ್ತಿಗೆ ನೋವು ಮಾಯವಾಗಿತ್ತು. ನೋವಿನ ಜೊತೆ ಎರಡು ವಾರದ ಮಾತನ್ನೂ ನಾನು ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ, ಹೆದರಿದ್ದೆ. ದಿನಕ್ಕೆ ಹತ್ತು ಸಲ ನಾಲಿಗೆಯ ಆ ಜಾಗವನ್ನು ಹಲ್ಲಿಗೆ ಉಜ್ಜಿ ನೋಡಿಕೊಳ್ಳುತ್ತಿದ್ದೆ. ಹೆಂಡತಿಗೆ ಹೇಳಲಿಲ್ಲ. ಲಗ್ನದ ಕಾಲ, ಒಂದರ ಹಿಂದೊಂದು ಅಡುಗೆ ಒಪ್ಪಿಕೊಂಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವಾರ ಕಳೆದ ಮೇಲೆ ಕ್ಲಿನಿಕ್ಕಿನಿಂದ ಫೋನ್ ಬಂತು, ಎತ್ತಲಿಲ್ಲ. ಮಾರನೆಯ ದಿನ ಮತ್ತೆ ಬಂತು. ಎತ್ತಲಿಲ್ಲ...

ಮೂರನೇ ವಾರ ಬನಶಂಕರಿಯ ಛತ್ರದಲ್ಲಿ ಒಂದು ನಿಶ್ಚಿತಾರ್ಥದ ಅಡುಗೆ. ಬೆಳಿಗ್ಗೆ ಹತ್ತು ಗಂಟೆಯಿರಬೇಕು. ಹೋಳಿಗೆ ಬೇಯುತ್ತಿತ್ತು, ಹುಳಿಗೆ ಒಗ್ಗರಣೆ ಆಗಿತ್ತು. ಆ ಹೊಗೆಯ ನಡುವೆ ಬಾಗಿಲಲ್ಲಿ ಯಾರೋ ಹೆಂಗಸು ನಿಂತಂತಾಯಿತು. ಹೆಣ್ಣಿನ ಕಡೆಯವರು ಮಜ್ಜಿಗೆ ಕೇಳಲು ಬಂದಿರಬೇಕೆಂದುಕೊಂಡೆ. ಆಕೆ ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡಾಗ ಗೊತ್ತಾಯಿತು, ಡಾಕ್ಟರಮ್ಮ. ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರು.

ನಾನು ಕ್ಲಿನಿಕ್ಕಿಗೆ ಹೋದ ದಿನ, ನಿಮ್ಮ ಮನೆಯಲ್ಲೇನಾದರೂ ಕಾರ್ಯವಿದ್ದರೆ ಹೇಳಿ ಎಂದು ನನ್ನ ಕಾರ್ಡ್ ಕೊಟ್ಟು ಬಂದಿದ್ದೆ. ಅದರಲ್ಲಿದ್ದ ಮನೆಯ ನಂಬರಿಗೆ ಫೋನ್ ಮಾಡಿ, ನಾನು ಎಲ್ಲಿದ್ದೇನೆಂದು ಹೆಂಡತಿಯಿಂದ ತಿಳಿದುಕೊಂಡಿದ್ದರು. ಯಾಕೆ ಎಂದು ಇವಳು ಕೇಳಿದ್ದಕ್ಕೆ, “ಅದನ್ನ ಅವರೇ ಹೇಳ್ತಾರೆ” ಎಂದಷ್ಟೇ ಹೇಳಿದ್ದರಂತೆ.

“ಬೆಳಕಿರೋ ಕಡೆ ಬನ್ನಿ,” ಎಂದರು. ಸೌಟು ಕೆಳಗಿಟ್ಟು, ಕೈ ತೊಳೆದು, ಪಾತ್ರೆ ತೊಳೆಯುವ ಅಂಗಳಕ್ಕೆ ಹೋಗಿ ಒಂದು ಸ್ಟೂಲಿನ ಮೇಲೆ ಕೂತೆ. ಚೀಲದಿಂದ ಟಾರ್ಚು, ಬಟ್ಟೆ ತೆಗೆದರು. ಬಾಯಿ ತೆರೆದೆ. ನೋಡಿದರು. ಮಚ್ಚೆ ಹೋಗಿರಲಿಲ್ಲ.

“ನಾಳೆ ಬೆಳಿಗ್ಗೆ ಬರ್ಬೇಕು.”

“ಮೇಡಂ, ಉಪ್ಪು ಹುಳಿ ಎಲ್ಲ ನಾನು ನೋಡೋದು ಇದರಲ್ಲೇ. ಇದನ್ನ ಕುಯ್ದುಬಿಟ್ರೆ ನಾನೇನು ಮಾಡ್ಲಿ?” ಎಂದೆ. ಮೂರು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದೇ.

ಅವರು ಸಮಾಧಾನದ ಮಾತು ಹೇಳಲಿಲ್ಲ. ಕಿರುಬೆರಳಿನ ಉಗುರು ತೋರಿಸಿದರು. “ಕೆಟ್ಟದ್ದೇ ಆಗಿದ್ರೂ ಈಗ ಹೋಗೋದು ಬಹುಶಃ ಇದಕ್ಕಿಂತ ಸ್ವಲ್ಪ ಜಾಸ್ತಿ. ತಡ ಮಾಡಿದ್ರೆ ಎಷ್ಟು ಹೋಗುತ್ತೆ ಅಂತ ನನಗೂ ಗೊತ್ತಿಲ್ಲ.”

ಬರುತ್ತೇನೆ ಎಂದೆ. ಆಯಿತು, ಇನ್ನು ಹೊರಡುತ್ತಾರೆ ಎಂದುಕೊಂಡೆ. ಆದರೆ ಅವರು ಬಾಗಿಲ ಕಡೆ ತಿರುಗಿ, ನೋಡುತ್ತ ನಿಂತಿದ್ದ ನನ್ನ ಅಡುಗೆಯವರನ್ನು “ಒಬ್ಬೊಬ್ಬರೇ ಬನ್ನಿ” ಎಂದು ಕರೆದರು. ಆಗ ಗಮನಿಸಿದೆ, ಅವರ ಚೀಲದಲ್ಲಿ ಗ್ಲೌಸಿನ ಒಂದು ಪೂರಾ ಡಬ್ಬಿಯಿತ್ತು. ಬರುವಾಗಲೇ ಅವರು ಲೆಕ್ಕ ಹಾಕಿಕೊಂಡು ಬಂದಿದ್ದರು. ಅಡುಗೆಯವರ ತಂಡ ಎಂದ ಮೇಲೆ ಎಲೆ ಅಡಿಕೆ, ಕಡ್ಡಿಪುಡಿ ಇದ್ದದ್ದೇ. ಹೋಳಿಗೆ ತಟ್ಟುವವರು, ತರಕಾರಿ ಹೆಚ್ಚುವ ಹೆಂಗಸರು, ಬಡಿಸುವವರು, ಒಟ್ಟು ಒಂಬತ್ತು ಜನ. ಒಬ್ಬೊಬ್ಬರೂ ಸ್ಟೂಲಿನ ಮೇಲೆ ಕೂತರು. ಪ್ರತಿಯೊಬ್ಬರಿಗೂ ಹೊಸ ಗ್ಲೌಸು, ಅದೇ ತುಟಿ, ಅದೇ ಕೆನ್ನೆ, ಅದೇ ಅಂಗುಳ. ಒಂದನ್ನೂ ಬಿಡದೆ, ಮೊದಲನೆಯವರನ್ನು ನೋಡಿದಷ್ಟೇ ನಿಧಾನವಾಗಿ ಒಂಬತ್ತನೆಯವರನ್ನೂ ನೋಡಿದರು. ಒಳಗೆ ನಾಗಸ್ವರ, ಹೊರಗೆ ಈ ತಪಾಸಣೆ. ಬೇರೆ ಯಾರಲ್ಲೂ ಭಯಪಡುವಂಥದ್ದು ಸಿಗಲಿಲ್ಲ. ಇಬ್ಬರಿಗೆ ಕಡ್ಡಿಪುಡಿ ಬಿಡಲು ಹೇಳಿದರು. ಊಟ ಮಾಡಿಕೊಂಡು ಹೋಗಿ ಎಂದು ಕೇಳಿಕೊಂಡೆ. “ಕ್ಲಿನಿಕ್ಕಲ್ಲಿ ಜನ ಕೂತಿರ್ತಾರೆ,” ಎಂದು ಆಟೋ ಹತ್ತಿದರು.

ಅವರು ಹೋದ ಮೇಲೆ ಎಷ್ಟೋ ಹೊತ್ತು ನನಗೆ ಒಲೆಯ ಹತ್ತಿರ ಹೋಗಲಾಗಲಿಲ್ಲ. ಸಾವಿರಾರು ಜನಕ್ಕೆ ಬಡಿಸಿದವನು ನಾನು. ನನಗೋಸ್ಕರ ಯಾರಾದರೂ ಹೀಗೆ ಹುಡುಕಿಕೊಂಡು ಬಂದಾರು ಎಂದು ಯಾವತ್ತೂ ಎಣಿಸಿದವನಲ್ಲ.

ಅಂದು ಸಂಜೆ ವಸಂತಪುರದ ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಿಟ್ಟಾದಳು, ಅತ್ತಳು, ಬೆಳಿಗ್ಗೆ ನನಗಿಂತ ಮೊದಲು ರೆಡಿಯಾಗಿ ನಿಂತಿದ್ದಳು. ಚೂರು ತೆಗೆದು ಕಳಿಸಿದ ಪರೀಕ್ಷೆಯ ಫಲಿತಾಂಶ ಬಂತು: ಕ್ಯಾನ್ಸರ್, ಆದರೆ ಈಗಷ್ಟೇ ಶುರುವಾದದ್ದು. ಡಾಕ್ಟರಮ್ಮನೇ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ನಾಲಿಗೆಯ ಅಂಚನ್ನು ಒಂದಿಷ್ಟು ಕತ್ತರಿಸಿದರು. ಕತ್ತಿನ ಗ್ರಂಥಿಗಳನ್ನೂ ತೆಗೆದು ನೋಡಿದರು, ಅವುಗಳಿಗೆ ಹರಡಿರಲಿಲ್ಲ. “ಇಷ್ಟು ಚಿಕ್ಕದಿದ್ದಾಗ ನಮ್ಮ ಹತ್ರ ಬರೋರು ಕಮ್ಮಿ,” ಎಂದರು ಆಪರೇಷನ್ ಮಾಡಿದ ಡಾಕ್ಟರು. “ನೋವು ಶುರುವಾದ್ಮೇಲೆ ಬರ್ತಾರೆ.”

ಎರಡು ತಿಂಗಳು ಮಾತು ತೊದಲುತ್ತಿತ್ತು. ‘ಸಾರು’ ಎನ್ನಲು ಹೋದರೆ ಬೇರೇನೋ ಬರುತ್ತಿತ್ತು. ಮೊದಲ ಸಲ ಮನೆಯಲ್ಲಿ ನಾನೇ ತಿಳಿಸಾರು ಮಾಡಿ, ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ನೆಕ್ಕಿದೆ. ಒಂದು ಕ್ಷಣ ಏನೂ ಗೊತ್ತಾಗಲಿಲ್ಲ. ಇನ್ನೆರಡು ಹನಿ ಹಾಕಿಕೊಂಡೆ. ಆಮೇಲೆ ಹುಳಿ ಬಂತು, ಅದರ ಹಿಂದೆ ಮೆಣಸು, ತುಂಬ ತಡವಾಗಿ ಉಪ್ಪು... ಆ ಸಾರನ್ನು ಕ್ಯಾರಿಯರಿಗೆ ತುಂಬಿಕೊಂಡು ನೇರ ಸಿದ್ದಾಪುರಕ್ಕೆ ಹೋದೆ. ಡಾಕ್ಟರಮ್ಮ ಅನ್ನಕ್ಕೆ ಕಲಸಿಕೊಂಡು ಪೂರ್ತಿ ಊಟ ಮಾಡಿದರು. ಕೈ ತೊಳೆದು ಬಂದು, “ಉಪ್ಪು ಒಂಚೂರು ಜಾಸ್ತಿ,” ಎಂದರು. ಸುಳ್ಳು ಹೇಳುವ ಹೆಂಗಸಲ್ಲ. ಅಂದಿನಿಂದ ನಾನು ಹೊಸದಾಗಿ ಉಪ್ಪು ಕಲಿತೆ.

ಅವತ್ತೇ ಒಂದು ಮಾತು ಕೇಳಿದ್ದೆ. “ನಿಮ್ಮ ಮನೇಲಿ ಯಾರಿಗಾದ್ರೂ ಈ ಕಾಯಿಲೆ ಬಂದಿತ್ತಾ ಮೇಡಂ?”

“ಇಲ್ವಲ್ಲ, ಯಾಕೆ?”

“ಎಲ್ಲಾರ್ದೂ ಹಿಂಗೆ ಬಿಡದೆ ನೋಡ್ತೀರಲ್ಲ...”

ಅವರಿಗೆ ಪ್ರಶ್ನೆಯೇ ಅರ್ಥವಾಗದಂತಿತ್ತು. “ಬಾಯಿ ತೆಗೆದಿರ್ತಾರಲ್ರೀ. ನೋಡ್ದೆ ಹೇಗೆ ಮುಚ್ಚಿಸೋದು?”

ಅದರ ಹಿಂದೆ ದೊಡ್ಡ ದುಃಖದ ಕಥೆ ಏನೋ ಇರಬೇಕೆಂದುಕೊಂಡಿದ್ದೆ. ಏನೂ ಇರಲಿಲ್ಲ. ಕೆಲಸವನ್ನು ಪೂರ್ತಿ ಮಾಡಬೇಕು ಎನ್ನುವುದಷ್ಟೇ ಇತ್ತು. ನನಗೆ ಇವತ್ತಿಗೂ ಅದೇ ಬೆರಗು.

ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತಪ್ಪದೆ ಅವರ ಕುರ್ಚಿಯಲ್ಲಿ ಮಲಗಿದೆ. ವರ್ಷಗಳು ಹೋದವು. ಅವರ ಕೈ ನಡುಗಲು ಶುರುವಾಯಿತು. ಹಲ್ಲು ಕೀಳುವುದು, ತುಂಬುವುದು ಬಿಟ್ಟರು. ಅದಕ್ಕೆ ಬೇರೆ ಡಾಕ್ಟರನ್ನು ಇಟ್ಟುಕೊಂಡರು. ಬಾಯಿ ನೋಡುವುದನ್ನು ಮಾತ್ರ ಬಿಡಲಿಲ್ಲ. ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು ಟಾರ್ಚ್ ಬಿಡುತ್ತಿದ್ದರು. ಕೊನೆಯ ಸಲ ಹೋದಾಗ ನನ್ನ ನಾಲಿಗೆ ನೋಡಿ, “ಚೆನ್ನಾಗಿದೆ, ಆರು ತಿಂಗಳಿಗೆ ಬನ್ನಿ,” ಎಂದಿದ್ದರು. ನಾನು ಹೋಗುವ ಹೊತ್ತಿಗೆ ಅವರಿರಲಿಲ್ಲ. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಸುದ್ದಿ ಹೇಳಿದ್ದು ಕೆಳಗಿನ ಹೂವಿನಂಗಡಿಯವರು. ಕಾರ್ಯಗಳೆಲ್ಲ ಆಗಲೇ ಮುಗಿದಿದ್ದವು. ಅವರಿಗಾಗಿ ಒಂದು ಹೊತ್ತಿನ ಅಡುಗೆಯನ್ನೂ ನಾನು ಮಾಡಲಾಗಲಿಲ್ಲ...

ಆಮೇಲೆ ಒಂದೂವರೆ ವರ್ಷ ನಾನು ಯಾವ ಹಲ್ಲಿನ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಹೆಂಡತಿ ಹೇಳಿ ಹೇಳಿ ಸಾಕಾಗಿ, ಮೊನ್ನೆ ತಾನೇ ಜೆ.ಪಿ. ನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು ನನ್ನ ಮಗನ ವಯಸ್ಸಿನವರು. ಹಲ್ಲೆಲ್ಲ ಕ್ಲೀನ್ ಮಾಡಿ, “ಆಯ್ತು ಅಂಕಲ್, ಏಳಿ,” ಎಂದರು. ನಾನು ಏಳಲಿಲ್ಲ.

“ನಾಲಿಗೆ, ಕೆನ್ನೆ, ಎಲ್ಲ ಒಂದ್ಸಲ ನೋಡ್ಬಿಡಿ ಡಾಕ್ಟ್ರೇ,” ಎಂದೆ.

ಬೇಸರ ಮಾಡಿಕೊಳ್ಳಲಿಲ್ಲ. ದೀಪ ಮತ್ತೆ ಹಾಕಿ, ಬಟ್ಟೆಯಲ್ಲಿ ನಾಲಿಗೆ ಹಿಡಿದು ಬಲಕ್ಕೆ ಎಳೆದರು. ಎಡ ಅಂಚಿನ ಗಾಯದ ಗುರುತು ಕಂಡು ಅವರ ಕೈ ನಿಂತಿತು. ಬಗ್ಗಿ ತುಂಬ ಹೊತ್ತು ನೋಡಿದರು.

“ಯಾರು ಅಂಕಲ್ ಇದನ್ನ ಕಂಡುಹಿಡಿದಿದ್ದು? ಇಷ್ಟು ಚಿಕ್ಕದಿದ್ದಾಗ?”

ಹೇಳಬೇಕೆಂದು ಬಾಯಿ ತುಂಬ ಮಾತು ಬಂತು. ಆದರೆ ನಾಲಿಗೆ ಅವರ ಕೈಯಲ್ಲಿತ್ತು. ಕುರ್ಚಿಯಲ್ಲಿ ಒರಗಿದವನ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಇಳಿಯುತ್ತದೆ.

“ನೋವಾಯ್ತಾ?” ಎಂದರು ಗಾಬರಿಯಿಂದ.

ಇಲ್ಲ ಎಂದು ತಲೆ ಆಡಿಸಿದೆ.