ಪೂಜೆಗಿಟ್ಟ ಡಬ್ಬಿ

ಹೂಡಿಯಿಂದ ವೈಟ್‌ಫೀಲ್ಡ್ ಕಡೆ ಹೊರಟರೆ ಎಡಗಡೆ, ಪಂಕ್ಚರ್ ಅಂಗಡಿಗೆ ಅಂಟಿಕೊಂಡಂತೆ ಮಡಿವಾಳಪ್ಪನ ಅಂಗಡಿ. ಬೋರ್ಡಿನಲ್ಲಿ ಆಟೋ ಎಲೆಕ್ಟ್ರಿಕಲ್ಸ್ ಅಂತ ಬರೆಸಿದ್ದರೂ ಜನ ಕರೆಯುವುದು ಲೈಟ್ ಮಡಿವಾಳಪ್ಪ ಅಂತಲೇ. ರಾಣೆಬೆನ್ನೂರಿನ ಕಡೆಯವನು. ಬೊಮ್ಮನಹಳ್ಳಿಯಲ್ಲಿ ಲಾರಿಗಳ ಕೆಳಗೆ ಮಲಗಿ ವೈರಿಂಗ್ ಕಲಿತ. ಹೂಡಿಗೆ ಟೆಕ್ ಪಾರ್ಕುಗಳು ಬಂದ ಮೇಲೆ ಕ್ಯಾಬುಗಳೂ ಬರುತ್ತವೆ, ಕ್ಯಾಬು ಬಂದಲ್ಲಿ ಹಾರ್ನು, ಬ್ಯಾಟರಿ ಕೆಡದೆ ಇರುತ್ತವೆಯೇ ಅಂತ ಯೋಚಿಸಿ ಇಲ್ಲಿ ಬಂದು ಕೂತ. ಯೋಚನೆ ತಪ್ಪಲಿಲ್ಲ. ದೈವಭಕ್ತ ಬೇರೆ. ಶಟರ್ ಎತ್ತಿದ ಕೂಡಲೇ ಊದುಬತ್ತಿ, ಇಳಿಸುವ ಮುಂಚೆ ಊದುಬತ್ತಿ, ನಡುವೆ ದಿನವಿಡೀ ಬಾಯಿ ತುಂಬ ಬೈಗುಳ. ಇದೇನಯ್ಯಾ ನಿನ್ನ ಭಕ್ತಿ ಅಂದರೆ, ‘ದೇವ್ರಿಗೂ ಒಂದೀಟು ಮನರಂಜನೆ ಬೇಕಲ್ರಿ’ ಅನ್ನುವ ಆಸಾಮಿ.

ಎರಡು ಸಾವಿರದ ಹನ್ನೊಂದರ ಆಯುಧ ಪೂಜೆಯ ದಿನ. ಹೆಂಡತಿ ರುಕ್ಮವ್ವ ಬೆಳಿಗ್ಗೆಯೇ ಬಂದು ಸ್ಕ್ರೂಡ್ರೈವರು, ಇಕ್ಕಳ, ಟೆಸ್ಟ್ ಲ್ಯಾಂಪು, ಸಣ್ಣಪುಟ್ಟ ಸಾಮಾನಿನ ಡಬ್ಬಿಗಳು ಎಲ್ಲವನ್ನೂ ಒರೆಸಿ, ದೇವಿ ಅಮ್ಮನ ಫೋಟೋದ ಮುಂದೆ ಮಣೆಯ ಮೇಲೆ ಸಾಲಾಗಿ ಜೋಡಿಸಿದಳು. ಒಂದೊಂದಕ್ಕೂ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ. ಹಾಗೆ ಇಟ್ಟಿದ್ದನ್ನು ಮಾರನೆಯ ದಿನದ ಪೂಜೆ ಆಗುವವರೆಗೂ ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿದ ಇಕ್ಕಳಕ್ಕೂ ಒಂದು ದಿನದ ರಜೆ ಬೇಡವೇ! ಮಂಗಳಾರತಿ ಆಗಿ, ಕುಂಬಳಕಾಯಿ ಒಡೆದು, ಗಂಡ ಹೆಂಡತಿ ಅಂಗಡಿಯ ಹಿಂಭಾಗದಲ್ಲೇ ಊಟಕ್ಕೆ ಅಣಿಯಾದರು. ತಟ್ಟೆಗೆ ಬಿಸಿ ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು.

ಅಷ್ಟರಲ್ಲಿ ಚಿಕ್ಕಬೈರಪ್ಪನ ಕ್ಯಾಬು ಬಂದು ನಿಂತಿತು. ಮುಂದೆ ಬಾಳೆಕಂದು, ಬಾನೆಟ್ಟಿಗೆ ಹೂವಿನ ಹಾರ, ಹಿಂದೆ ಮಾತ್ರ ಎರಡೂ ಕೆಂಪು ದೀಪ ಸುಮ್ಮನೆ ಉರಿಯುತ್ತಿವೆ.

“ಗುರು, ಬ್ರೇಕ್ ಲೈಟ್ ಆಫೇ ಆಗ್ತಿಲ್ಲ. ಕೀ ಕಿತ್ಕೊಂಡ್ರೂ ಉರೀತಾನೇ ಇದೆ. ಬೆಳಿಗ್ಗೆ ಬ್ಯಾಟರಿ ಇಳ್ದೋಗಿ ತಳ್ಳಿಸ್ಕೊಂಡು ಸ್ಟಾರ್ಟ್ ಮಾಡ್ದೆ. ಹಬ್ಬ ಅಂತ ಕಂಪ್ನಿಯೋರು ಬಿಡ್ತಾರಾ? ಈಗ ಪಿಕಪ್ ಇದೆ.”

ಮಡಿವಾಳಪ್ಪ ಎದ್ದು ಬಂದು ಕ್ಯಾಬಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಪೆಡಲಿನ ಕೆಳಗೆ ಕಣ್ಣು ಹಾಯಿಸಿದ. ಮ್ಯಾಟಿನ ಮೇಲೆ ಪ್ಲಾಸ್ಟಿಕ್ಕಿನ ಪುಡಿ ಬಿದ್ದಿತ್ತು. ರೋಗ ಗೊತ್ತಾಯಿತು. ಬ್ರೇಕ್ ಪೆಡಲಿನ ತೋಳಿಗೆ ಉಗುರಿನಷ್ಟು ಅಗಲದ ಒಂದು ಬಿರಡೆ ಇರುತ್ತದೆ. ಕಾಲು ತೆಗೆದಾಗ ಆ ಬಿರಡೆ ಹೋಗಿ ಸ್ವಿಚ್ಚನ್ನು ಒತ್ತಿ ಹಿಡಿಯುತ್ತದೆ, ಆಗ ದೀಪ ಆರುತ್ತದೆ. ಬಿರಡೆ ಹಳತಾಗಿ ಪುಡಿಯಾದರೆ ಸ್ವಿಚ್ಚನ್ನು ಒತ್ತುವವರು ಯಾರು? ಚಾಲಕ ಬ್ರೇಕ್ ತುಳಿದೇ ಇದ್ದಾನೆ ಅಂತ ಕಾರು ನಂಬಿಕೊಂಡು ಬಿಡುತ್ತದೆ. ಹೊಸ ಬಿರಡೆ ಸಿಕ್ಕಿಸುವುದು ಎಲೆ ಅಡಿಕೆ ಮಡಚುವಷ್ಟೇ ಹೊತ್ತಿನ ಕೆಲಸ. ಬಿರಡೆಗಳಿದ್ದದ್ದು ಮಣೆಯ ಮೇಲಿನ ಸಾಲಿನ ಕೊನೆಯ ಡಬ್ಬಿಯಲ್ಲಿ.

“ಪೂಜೆಗಿಟ್ಟಿದ್ದನ್ನ ಎತ್ತಂಗಿಲ್ಲ ತಮ್ಮಾ,” ಅಂದ.

ರುಕ್ಮವ್ವ ಒಳಗಿನಿಂದ, “ಕೈ ಮುಗದು ತಗೋರಿ, ಅಮ್ಮ ಏನೂ ಅನ್ನಂಗಿಲ್ಲ,” ಅಂದಳು.

“ನೀ ಸುಮ್ನಿರು. ಪದ್ಧತಿ ಅಂದ್ರ ಪದ್ಧತಿ.”

ಹೇಳಿದವನೇ ಕೈ ಒಳಗೆ ಹಾಕಿ ಸ್ವಿಚ್ಚಿಗೆ ಸಿಕ್ಕಿಸಿದ್ದ ವೈರಿನ ಸಾಕೆಟ್ಟನ್ನು ಎಳೆದುಬಿಟ್ಟ. ಹಿಂದಿನ ದೀಪ ಎರಡೂ ಆರಿದವು.

“ಇವತ್ತೊಂದಿನ ಬ್ರೇಕ್ ಹೊಡದ್ರೂ ಲೈಟ್ ಹತ್ತಂಗಿಲ್ಲ. ನೋಡ್ಕೊಂಡು ಹೋಗು. ನಾಳೆ ಬಾ, ಹಾಕಿಕೊಡ್ತೀನಿ.”

“ಉರಿಯೋದು ನಿಂತ್ರೆ ಸಾಕು ಗುರು,” ಅಂತ ಚಿಕ್ಕಬೈರಪ್ಪ ಹೊರಟ. ಮಡಿವಾಳಪ್ಪ ಕೈ ತೊಳೆದು ತಟ್ಟೆಯ ಮುಂದೆ ಕೂತ. ಹೋಳಿಗೆ ಇನ್ನೂ ಬಿಸಿಯಾಗಿತ್ತು.

ಮಾರನೆಯ ದಿನ ಅದೇ ಕ್ಯಾಬು ಬಂತು. ಹಿಂದಿನ ಬಂಪರ್ ಒಳಕ್ಕೆ ಹೋಗಿತ್ತು.

“ರೋಡಲ್ಲಿ ಒಡೆದಿದ್ದ ಬೂದುಗುಂಬಳಕಾಯಿ ತಿನ್ನೋಕೆ ಹಸು ಅಡ್ಡ ಬಂತು. ಬ್ರೇಕ್ ಹೊಡ್ದೆ. ಹಿಂದೆ ಬೈಕಲ್ಲಿ ಗಂಡ ಹೆಂಡ್ತಿ, ಸೀದಾ ಬಂದು ಗುದ್ದಿದ್ರು. ಆಯಮ್ಮನ ಕೈ ಮುರೀತು.” ಚಿಕ್ಕಬೈರಪ್ಪ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. “ಹಿಂದಿಂದ ಬಂದು ಗುದ್ದಿದೋನದೇ ತಪ್ಪು ಅಂತ ಸೇರಿದೋರೆಲ್ಲ ಅವನಿಗೇ ಉಗಿದ್ರು. ನಮ್ದೇನಿಲ್ಲ ಬಿಡು.”

ಮಡಿವಾಳಪ್ಪ ಬಿರಡೆ ಸಿಕ್ಕಿಸಿ, ಸಾಕೆಟ್ ಜೋಡಿಸಿದ. ನಿಜಕ್ಕೂ ಎಲೆ ಅಡಿಕೆ ಮಡಚುವಷ್ಟೂ ಹೊತ್ತು ಹಿಡಿಯಲಿಲ್ಲ. ಅವನಿಗೆ ಅವತ್ತು ಬೈಯಲು ಬಾಯಿ ಬರಲಿಲ್ಲ, ಸಂಜೆ ಊದುಬತ್ತಿ ಹಚ್ಚಲು ಕೈಯೂ ಬರಲಿಲ್ಲ.

ಹಿಂದಿಂದ ಗುದ್ದಿದವನದೇ ತಪ್ಪು, ಊರೆಲ್ಲ ಹೇಳುವುದೂ ಅದನ್ನೇ, ಅಂತ ತಾನೂ ಹೇಳಿಕೊಂಡ. ಹೇಳಿಕೊಂಡು ಹೇಗೋ ದಿನ ದೂಡುತ್ತಿದ್ದ. ದೀಪಾವಳಿ ಹತ್ತಿರ ಬಂದಾಗ ಒಬ್ಬ ಬೈಕು ತಳ್ಳಿಕೊಂಡು ಬಂದ. ಮುಂದಿನ ದೀಪ ಒಡೆದಿತ್ತು. ಕೊಪ್ಪಳದ ಕಡೆಯ ಭರಮಪ್ಪ, ಹತ್ತಿರದಲ್ಲೇ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸ.

“ಒಂದು ಲೈಟ್ ಹಾಕ್ಕೊಡ್ರಿ ಅಣ್ಣಾರ, ಮಾರಿಬಿಡ್ತೀನಿ. ನನ್ನ ಕಣ್ಣಿಗೆ ಗಾಡಿ ಆಗಿ ಬರವಲ್ದು.”

“ಕಣ್ಣಿಗೇನಾತು?”

“ಆಯುಧ ಪೂಜಿ ದಿನ ಕ್ಯಾಬಿಗೆ ಗುದ್ದಿದೆ. ಬಾಳಿಕಂದು ಕಟ್ಟಿದ್ದ ಬಿಳಿ ಕ್ಯಾಬು. ನನ್ನ ಹೆಂಡ್ತಿ ಸವಿತಾನ ಬಲಗೈ ಮುರೀತು, ಗಾರ್ಮೆಂಟ್ಸ್‌ನಾಗ ಟೈಲರಿಂಗ್ ಮಾಡ್ತಿದ್ಲು. ನಾ ಮುಂದೇ ನೋಡ್ಕೋತ ಹೊಂಟಿದ್ದೆ ಅಣ್ಣಾರ, ಆಣಿ ಮಾಡಿ ಹೇಳ್ತೀನಿ. ಆದ್ರ ಕೆಂಪು ಲೈಟ್ ಕಾಣಲಿಲ್ಲ. ಡಾಕ್ಟ್ರು ಕಣ್ಣು ಚಲೋ ಅದಾವ ಅಂತಾರ, ನನಗ ನಂಬಿಕಿ ಇಲ್ಲ. ಗ್ವಾಡಿಗೆ ಕಟ್ಟಿದ ಸಾರ್ವಿ ಏರಾಕ ಹೆದರಿಕಿ, ಈಗ ಕೆಳಗ ಮಣ್ಣು ಹೊರ್ತೀನಿ. ಮೇಸ್ತ್ರಿ ಕುರುಡಾ ಅಂತ ಕರೀತಾನ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಅಂದವರೂ ಇರಲಿಲ್ಲ. ಆದರೂ ಮಡಿವಾಳಪ್ಪ ಒದ್ದೆಯಾದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ನೀವು ಲೈಟಿನ ಕೆಲಸದವ್ರು. ಹತ್ತಿದ ಲೈಟು ಕಾಣದಂಗ ಆಗ್ತೈತೇನ್ರಿ?”

“ಆಗ್ತೈತಿ,” ಅಂದ ಮಡಿವಾಳಪ್ಪ. “ಬಿಸಿಲು ಬಿದ್ರ ಹಂಗ ಆಗ್ತೈತಿ.”

“ಅವತ್ತು ಮೋಡ ಇತ್ತಲ್ರಿ,” ಅಂದ ಭರಮಪ್ಪ, ಮತ್ತೆ ತನ್ನ ಕಣ್ಣನ್ನೇ ಉಜ್ಜಿಕೊಂಡ.

ಮೊದಲನೆಯದು ಸೋಮಾರಿತನದ ತಪ್ಪು, ಎರಡನೆಯದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಸುಳ್ಳು. ಅದನ್ನು ನುಂಗಲಾರ, ಉಗುಳಲಾರ. ಹಬ್ಬದ ದಿನ ರುಕ್ಮವ್ವ ಮತ್ತೆ ಹೋಳಿಗೆ ಮಾಡಿ ತಟ್ಟೆಗೆ ಹಾಕಿದಳು. ಅವನು ಅದನ್ನು ನೋಡಿ, ಕೈಯನ್ನೇ ಇಡದೆ ಎದ್ದು, ಭರಮಪ್ಪನ ಖೋಲಿ ಎಲ್ಲಿ ಅಂತ ಕೇಳಿಕೊಂಡು ಹೊರಟ.

ತಗಡಿನ ಸೂರಿನ ಒಂದೇ ಖೋಲಿ. ಸವಿತಾ ಎಡಗೈಯಲ್ಲೇ ತಲೆ ಬಾಚಿಕೊಳ್ಳುತ್ತಿದ್ದಳು. ಬಲಗೈಗೆ ಇನ್ನೂ ಪಟ್ಟಿ ಇತ್ತು. ಭರಮಪ್ಪ ಬರ್ರಿ ಕೂಡ್ರಿ ಅಂದ. ಮಡಿವಾಳಪ್ಪ ಕೂಡಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದ.

“ಆ ಲೈಟು ಹತ್ತೇ ಇರಲಿಲ್ಲ ಭರಮಪ್ಪ. ವೈರು ಕಿತ್ತವ ನಾನ. ಮೊನ್ನೆ ನಿನಗ ಸುಳ್ಳು ಹೇಳಿದೆ. ನಿನ್ನ ಕಣ್ಣು ನೆಟ್ಟಗ ಅದಾವ.”

ಹೊಡೆಯುತ್ತಾನೆ ಅಂದುಕೊಂಡಿದ್ದ. ಹೊಡೆದಿದ್ದರೆ ಹಗುರಾಗುತ್ತಿತ್ತೋ ಏನೋ. ಭರಮಪ್ಪನ ಮುಖ ಅರಳಿಬಿಟ್ಟಿತು.

“ಕೇಳಿದೇನ ಸವಿತಾ? ಲೈಟು ಹತ್ತೇ ಇರಲಿಲ್ಲಂತ. ನಾ ಹೇಳಲಿಲ್ಲ? ನಾ ನೋಡ್ಕೋತನ ಇದ್ದೆ.” ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು.

ಸವಿತಾ ಬಾಚಣಿಗೆ ಕೆಳಗಿಟ್ಟಳು. “ಯಾಕ ಕಿತ್ತಿದ್ರಿ ಅಣ್ಣಾರ?”

“ಹಾಕೋ ಸಾಮಾನು ಪೂಜೆಗಿಟ್ಟ ಡಬ್ಬ್ಯಾಗಿತ್ತು ತಂಗಿ.”

“ಹಂಗಾದ್ರ ನಿಮ್ಮದೇನ್ ತಪ್ಪೈತಿ ಬಿಡ್ರಿ,” ಅಂದಳು. “ದೇವ್ರ ಮುಂದ ಇಟ್ಟಿದ್ದನ್ನ ಯಾರು ಎತ್ತತಾರ? ನಾವಾಗಿದ್ರೂ ಎತ್ತತಿರಲಿಲ್ಲ.”

ಅಲ್ಲಿಗೆ ಕೈ ಮುಗಿದು ಬಂದುಬಿಡಬಹುದಿತ್ತು. ದಾರಿ ತಾನಾಗಿ ತೆರೆದಿತ್ತು, ತೆರೆದವಳೂ ಅವಳೇ. ಮಡಿವಾಳಪ್ಪ ಮೆಟ್ಟಿಲ ತನಕ ಹೋದ. ಅಲ್ಲಿಂದ ತಿರುಗಿ ಬಂದ.

“ದೇವ್ರು ಅಡ್ಡ ಬಂದಿರಲಿಲ್ಲವ್ವಾ. ನನ್ನ ಹೆಂಡ್ತಿ ತಗೋರಿ ಅಂದಿದ್ಲು,” ಅಂದ. “ತಟ್ಟ್ಯಾಗ ಬಿಸಿ ಹೋಳಿಗೆ ಆರಾಕತ್ತಿತ್ತು. ಅದಕ್ಕ.”

ಸವಿತಾ ಅವನನ್ನು ನೋಡಿದಳು, ತನ್ನ ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡಳು. ಆಮೇಲೆ ಎಡಗೈಯಿಂದ ಬಾಗಿಲು ಮುಂದೆ ಮಾಡಿದಳು.