ಮೊದಲೇ ಹಾಡಿದ ಮಂಗಳ

ನಾನು ಮೊದಲಿನಿಂದಲೂ ಕೂತಲ್ಲಿ ಕೂರುವ ಆಸಾಮಿಯಲ್ಲ. ತೊಂಬತ್ತರ ದಶಕದಲ್ಲಿ ಕೊಟ್ಟೂರಿನಲ್ಲಿ ರೇಡಿಯೊ, ಟೇಪ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾಗಲಂತೂ ಕೈ ಒಂದು ಕೆಲಸದಲ್ಲಿದ್ದರೆ ಮನಸ್ಸು ಇನ್ನೊಂದರ ಮೇಲೆ. ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ರೀಲು ಸಿಕ್ಕಿಕೊಂಡ ಕ್ಯಾಸೆಟ್ ತಂದರು. ಬಿಡಿಸಿ, ಸರಿಯಾಯಿತೋ ಇಲ್ಲವೋ ಎಂದು ಹಾಕಿ ನೋಡಿದೆ. ಒಬ್ಬ ಗಂಡಸು, ಒಂದು ಗಿಟಾರ್. ಮಾತು ಒಂದೂ ತಿಳಿಯಲಿಲ್ಲ. ಆದರೆ ಸಾಲಿನ ಕೊನೆಗೆ ತಾನು ಬಾಯಿ ಮುಚ್ಚಿ ತಂತಿಯನ್ನೇ ಮಾತಾಡಲು ಬಿಡುತ್ತಿದ್ದ. ಥೇಟ್ ಏಕತಾರಿ ಹಿಡಿದು ಹಾಡುವ ನಮ್ಮಪ್ಪನ ವರಸೆ!

"ಇಂವಾ ಅಮೆರಿಕದಾಗ ಹತ್ತಿ ಹೊಲದಾಗ ದುಡೀತಿದ್ದ ಕಪ್ಪು ಮನುಷ್ಯಾ. ಯಾರೋ ಒಂದು ಸಲ ಕರ್ಕೊಂಡೋಗಿ ಹಾಡಿಸಿದ್ರಂತ. ಸತ್ತು ಎಷ್ಟೋ ವರ್ಷ ಆತು. ಉಳಿದಿದ್ದು ಇಷ್ಟ ನೋಡಪ" ಎಂದರು ಮೇಷ್ಟ್ರು.

ನಮ್ಮೂರು ಇಟ್ಟಿಗಿಯಲ್ಲಿದ್ದ ಅಪ್ಪ ಕುರಿ ಕಾಯುತ್ತಾ ಕಲಿತ ತತ್ವಪದಗಳು ನೂರಾರು. ಒಂದೂ ಹಾಳೆಯ ಮೇಲಿರಲಿಲ್ಲ. ಅವನಿಗೆ ಆಗಲೇ ಕೆಮ್ಮು ಹತ್ತಿತ್ತು. ಊರವರ ಟೇಪೆಲ್ಲ ರಿಪೇರಿ ಮಾಡುವ ನಾನು ಹೆತ್ತಪ್ಪನ ಒಂದು ಹಾಡನ್ನೂ ತುಂಬಿಕೊಂಡಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮರುದಿನವೇ ಟೇಪು, ಖಾಲಿ ಕ್ಯಾಸೆಟ್ಟುಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ಅಪ್ಪ ಮುಖ ತೊಳೆದು, ರುಮಾಲು ಸುತ್ತಿಕೊಂಡು ಕಂಬಳಿಯ ಮೇಲೆ ಕೂತ. ಅವ್ವ ಊದಿನಕಡ್ಡಿ ಹಚ್ಚಿದಳು. ಅಪ್ಪ ಏಕತಾರಿಯ ತಂತಿ ಬಿಗಿ ಮಾಡಿದ, ಸಡಿಲಿಸಿದ, ಮತ್ತೆ ಬಿಗಿ ಮಾಡಿದ. ನನಗೋ ಸಂಜೆ ಬಸ್ಸಿನ ಚಿಂತೆ. ಗುಂಡಿ ಒತ್ತಿಯೇ ಬಿಟ್ಟೆ.

"ಅಪ್ಪ, ಮಷಿನ್ ಹಿಡೀತೈತೋ ಇಲ್ಲೋ ನೋಡಾಣ. ಯಾವುದಾರ ಸಣ್ಣದು ಹಾಡಿಬಿಡು, ಲಗೂನ."

ಅವನಿಗೆ ಗೊತ್ತಿದ್ದ ಅತಿ ಸಣ್ಣ ಹಾಡು ಮಂಗಳ. ಕಣ್ಣು ಮುಚ್ಚಿ ಹಾಡಿದ. ಅವ್ವ ರೂಢಿಯಂತೆ ಎದ್ದು ನಿಂತು ಕೈಮುಗಿದಳು. ಮುಗಿದದ್ದೇ ತಡ, ಅಪ್ಪ ಏಕತಾರಿಯನ್ನು ವಸ್ತ್ರದಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ.

"ಯಪ್ಪಾ, ಈಗ ಶುರು ಮಾಡಬೇಕು!"

"ಮಂಗಳ ಆತಲ್ಲಲೇ. ಇವತ್ತು ಇನ್ನ ತಂತಿ ಮುಟ್ಟಂಗಿಲ್ಲ. ನಾಳೆ ಹಾಡ್ತೀನಿ, ಇದ್ದು ಹೋಗು."

"ಅದು ಬರೀ ಟೆಸ್ಟಿಂಗು!" ಎಂದು ರೇಗಿದೆ.

"ಮಂಗಳದಾಗ ಟೆಸ್ಟಿಂಗ್ ಅಂತ ಇರಂಗಿಲ್ಲಪ" ಎಂದು ಅಪ್ಪ ನಕ್ಕ.

ಇದ್ದು ಹೋಗಬಹುದಿತ್ತು. ಅಂಗಡಿ ಬಾಗಿಲು ತೆರೆಯಬೇಕೆಂದು ಹಾರಾಡಿ, ಮುಂದಿನ ವಾರ ಬರುತ್ತೇನೆಂದು ಹೇಳಿ ಬಂದುಬಿಟ್ಟೆ. ಆ ವಾರ ಮುಗಿಯುವುದರೊಳಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ನಾಲಿಗೆ ಬಿತ್ತು. ಎರಡು ವರ್ಷ ಹಾಗೆಯೇ ಇದ್ದು ಹೋದ.

ಮೇಲೆ ಇನ್ನೇನೂ ತುಂಬಬಾರದೆಂದು ಆ ಕ್ಯಾಸೆಟ್ಟಿನ ಮೂಲೆಯ ಚಕ್ಕೆ ಮುರಿದಿಟ್ಟಿದ್ದೇನೆ. ಹಾಕಿದಾಗೆಲ್ಲ ಅವ್ವ ಎಲ್ಲಿದ್ದರೂ ಎದ್ದು ನಿಂತು ಕೈಮುಗಿಯುತ್ತಾಳೆ. ನಾನು ಮಾತ್ರ ಅದನ್ನು ಪೂರ್ತಿ ಹಿಂದಕ್ಕೆ ತಿರುಗಿಸುವುದಿಲ್ಲ. ಅಲ್ಲಿ, ಅಪ್ಪನ ದನಿಗಿಂತ ಮೊದಲು, ನನ್ನದಿದೆ: "ಯಾವುದಾರ ಸಣ್ಣದು ಹಾಡಿಬಿಡು, ಲಗೂನ."